ವಿಶ್ವಾಸಿಯು ಹಿಡಿಯತಕ್ಕ ಕಸುಬು

ನಮ್ಮ ಹಳ್ಳಿಯ ಸಭೆಗಳಲ್ಲಿ ದೀಕ್ಷಾಸ್ನಾನಕ್ಕೆ ಸಿದ್ಧರಾಗುವವರು ನಂಬಿಕೆಯ ವಿಷಯವಾದ ಪ್ರಶ್ನೆಗಳನ್ನು ಕೇಳುವದಕ್ಕೆ ಮುಂಚೆ ಹೊಟ್ಟೆಯ ವಿಷಯವಾದ ಪ್ರಶ್ನೆಯನ್ನು ಕೇಳುವದುಂಟು. ತ್ರಯೈಕತ್ವದ ಬೋಧನೆಯು ಈ ಹೊತ್ತು ಅರ್ಥವಾಗದೆ ಹೋದರೆ ಇನ್ನೊಂದು ವಾರ ಕಾದಾರು. ಆದರೆ ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗಬಹುದೋ ಹೋಗಬಾರದೋ ಎಂಬದು ಈ ರಾತ್ರಿಯೇ ತಿಳಿಯಬೇಕು. ಪೇಟೆಯ ಬಾರಿನಲ್ಲಿ ಗ್ಲಾಸು ತೊಳೆಯುವ ಹುಡುಗನು ಕೇಳುತ್ತಾನೆ. ಸಾಲದ ಕಂತನ್ನು ವಸೂಲು ಮಾಡುವ ಯೌವನಸ್ಥನು ಕೇಳುತ್ತಾನೆ. ಬೀಡಿ ಕಟ್ಟುವ ತಾಯಿಯು ಬಾಯಿಬಿಟ್ಟು ಕೇಳುವದಿಲ್ಲ, ಆದರೂ ಅವಳ ಮುಖದಲ್ಲಿ ಪ್ರಶ್ನೆಯಿರುತ್ತದೆ. ಕರ್ತನಿಗೆ ಒಪ್ಪಿಸಿಕೊಟ್ಟ ಈ ಕೈಗಳು ಆ ಕೆಲಸವನ್ನು ಮಾಡಬಹುದೋ?

ಇದಕ್ಕೆ ಎರಡು ಸುಲಭವಾದ ಉತ್ತರಗಳು ನಮ್ಮಲ್ಲಿ ಓಡಾಡುತ್ತವೆ. ದೇವರ ಸೇವೆಯೊಂದೇ ಪರಿಶುದ್ಧವಾದ ಕೆಲಸ, ಉಳಿದದ್ದೆಲ್ಲಾ ಲೋಕದ್ದು ಎಂದು ಕೆಲವರು ಹೇಳುತ್ತಾರೆ. ಇದನ್ನು ಕೇಳುವದಕ್ಕೆ ಉಪದೇಶಿಗಳಾದ ನಮಗೆ ಹಿತವಾಗಿಯೇ ಇದೆ. ಆದರೆ ಸತ್ಯವೇದವು ಇದಕ್ಕೆ ಎಡೆಗೊಡುವದಿಲ್ಲ. ನಮ್ಮ ಸ್ವಾಮಿಯನ್ನು ನಜರೇತಿನವರು ಬಡಗಿಯೆಂದೇ ಬಲ್ಲವರಾಗಿದ್ದರು. ಪೌಲನು ಕೊರಿಂಥದಲ್ಲಿ ಅಕ್ವಿಲನ ಮನೆಯಲ್ಲಿ ಗುಡಾರ ಮಾಡುತ್ತಾ ಸುವಾರ್ತೆಯನ್ನು ಸಾರಿದನು. ಸನ್ಯಾಸಿಯ ಮಠದಲ್ಲಿ ಮಾತ್ರವಲ್ಲ, ಅಡಿಗೆಮನೆಯಲ್ಲಿಯೂ ಹೊಲದಲ್ಲಿಯೂ ದೇವರ ಕರೆಯನ್ನು ನೆರವೇರಿಸಬಹುದೆಂದು ಲೂಥರನು ಹದಿನಾರನೆಯ ಶತಮಾನದಲ್ಲಿ ಬೋಧಿಸಿದನೆಂಬದನ್ನು ಪ್ರೊಟೆಸ್ಟಂಟರಾದ ನಾವು ಮರೆಯಬಾರದು. ಇನ್ನು ಕೆಲವರು, ಯಾವ ಕೆಲಸವಾದರೇನು, ದಶಮಾಂಶವನ್ನು ತಪ್ಪದೆ ಕೊಟ್ಟರೆ ಉಳಿದ ಒಂಭತ್ತು ಪಾಲೂ ಶುದ್ಧವಾಗುವದು ಅನ್ನುತ್ತಾರೆ. ಇವರು ಮತ್ತಾಯನ ಸುವಾರ್ತೆಯ ಇಪ್ಪತ್ತೇಳನೆಯ ಅಧ್ಯಾಯವನ್ನು ಓದಲಿ. ಯೂದನು ಬಿಸಾಡಿದ ಬೆಳ್ಳಿಯನ್ನು ದೇವಾಲಯದ ಬೊಕ್ಕಸಕ್ಕೆ ಹಾಕುವದಕ್ಕೆ ಮಹಾಯಾಜಕರೇ ಅಂಜಿದರು. ಆ ಹಣವನ್ನು ಎಣಿಸಿಕೊಟ್ಟವರು ಅವರೇ ಆಗಿದ್ದರು.

ಮುಂದಕ್ಕೆ ಹೋಗುವ ಮೊದಲು ಒಂದು ಮಾತನ್ನು ನಮ್ಮ ಹಳ್ಳಿಗಳಲ್ಲಿ ಗಟ್ಟಿಯಾಗಿ ಹೇಳಬೇಕಾಗಿದೆ. ಕೀಳೆಂದು ಎಣಿಸಲ್ಪಡುವ ಕೆಲಸ ಬೇರೆ, ಕೆಟ್ಟ ಕೆಲಸ ಬೇರೆ. ಚರ್ಮ ಹದಮಾಡುವ ಸ್ಥಳವು ಊರಿನಿಂದ ಐವತ್ತು ಮೊಳ ದೂರದಲ್ಲಿರಬೇಕೆಂದು ಯೆಹೂದ್ಯರ ಮಿಷ್ನಾ ಎಂಬ ಗ್ರಂಥವು ವಿಧಿಸುತ್ತದೆ. ಊರ ಹೊರಗೆ ಕೇರಿಯನ್ನು ಕಂಡಿರುವ ನಮಗೆ ಇದು ಹೊಸದಲ್ಲ. ಹೀಗಿರುವಲ್ಲಿ ಅಪೊಸ್ತಲನಾದ ಪೇತ್ರನು ಯೊಪ್ಪದಲ್ಲಿ ಯಾರ ಮನೆಯಲ್ಲಿ ಇಳುಕೊಂಡನು? ಸಮುದ್ರದ ಬಳಿಯಲ್ಲಿದ್ದ ಸೀಮೋನನೆಂಬ ಚಮ್ಮಾರನ ಮನೆಯಲ್ಲಿ. ಅದೂ ಒಂದು ರಾತ್ರಿಯಲ್ಲ, ಬಹು ದಿವಸ. ಶುದ್ಧಾಶುದ್ಧಗಳ ಭೇದವನ್ನು ಮುರಿದ ಆ ದರ್ಶನವು ಅವನಿಗೆ ಆದದ್ದು ಅದೇ ಮನೆಯ ಮಾಳಿಗೆಯ ಮೇಲೆ, ಹದಮಾಡುವ ತೊಗಲಿನ ವಾಸನೆಯ ನಡುವೆಯೇ ಎಂದು ನಾವು ನೆನಸಬಹುದು. ಆ ಕಸುಬನ್ನು ಬಿಡಬೇಕೆಂದು ಪೇತ್ರನು ಹೇಳಿದ ಹಾಗೆ ಎಲ್ಲಿಯೂ ಬರೆದಿಲ್ಲ. ಆದದರಿಂದ ಜೋಡು ಹೊಲಿಯುವವನೂ ಬೀದಿ ಗುಡಿಸುವವಳೂ ಹಂದಿ ಸಾಕುವವನೂ ನಮ್ಮ ಸಭೆಗೆ ತಲೆ ತಗ್ಗಿಸಿಕೊಂಡು ಬರಬೇಕಾಗಿಲ್ಲ. ಮಗನಿಗೆ ಗುಮಾಸ್ತೆಯ ಕೆಲಸ ಸಿಕ್ಕಿತೆಂದು ಹಿರಿಯರ ಬೆಂಚಿನಲ್ಲಿ ಮುಂದೆ ಸರಿದು ಕೂಡ್ರುವವರು ಇದನ್ನು ಸ್ವಲ್ಪ ಯೋಚಿಸಲಿ. ಲಂಚದ ಮೇಜಿನ ಮೇಲೆ ಹೊಲಸು ಕಾಣುವದಿಲ್ಲವೆಂಬದು ನಿಜವೇ.

ಕೆಟ್ಟ ಕೆಲಸವೆಂದರೆ ಯಾವದು? ಇಲ್ಲಿ ಸತ್ಯವೇದವು ನಮಗೆ ಒಂದು ಪಟ್ಟಿಯನ್ನು ಕೊಡುವದಿಲ್ಲ. ಕೊಟ್ಟಿದ್ದರೆ ನಾವು ಯೋಚಿಸುವದನ್ನೇ ಬಿಟ್ಟುಬಿಡುತ್ತಿದ್ದೆವೇನೋ. ಸುಂಕದವರ ಸಂಗತಿಯನ್ನು ನೋಡಿರಿ. ಲೇವಿಯೆಂಬವನು ಸ್ವಾಮಿಯ ಕರೆಯನ್ನು ಕೇಳಿ ಸುಂಕದ ಕಟ್ಟೆಯನ್ನು ಬಿಟ್ಟು ಎದ್ದುಹೋದನು. ಅದೇ ಕಸುಬಿನ ಮುಖ್ಯಸ್ಥನಾದ ಜಕ್ಕಾಯನಿಗೆ ಕೆಲಸ ಬಿಡೆಂಬ ಅಪ್ಪಣೆಯಾಗಲಿಲ್ಲ. ಅವನು ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ತಿರುಗಿ ಕೊಡುವೆನೆಂದು ನಿಂತುಕೊಂಡು ಹೇಳಿದನು. ರಕ್ಷಣೆಯು ಅವನ ಮನೆಗೆ ಬಂತು. ಇವರಿಬ್ಬರಿಗಿಂತ ಮುಂಚೆ ಯೊರ್ದನಿನ ದಡದಲ್ಲಿ ಸುಂಕದವರು ಸ್ನಾನಿಕನಾದ ಯೋಹಾನನನ್ನು, ನಾವು ಏನು ಮಾಡಬೇಕು ಎಂದು ಕೇಳಿದಾಗ, ನೇಮಕವಾದದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದೆಂದು ಅವನು ಹೇಳಿದನು. ಸಿಪಾಯಿಗಳಿಗೆ, ಯಾರನ್ನೂ ಬೆದರಿಸಿ ಸುಲುಕೊಳ್ಳದೆ ನಿಮ್ಮ ಸಂಬಳದಲ್ಲಿ ತೃಪ್ತರಾಗಿರಿ ಎಂಬ ಅರ್ಥದ ಮಾತನ್ನು ಹೇಳಿದನು. ಕಸುಬು ಒಂದೇ, ಒಬ್ಬನು ಬಿಟ್ಟನು, ಒಬ್ಬನು ಸರಿಪಡಿಸಿಕೊಂಡನು.

ಈ ಕಾಲದಲ್ಲಿ ಇದು ಯಾರಿಗೆ ಸಲ್ಲುತ್ತದೆಂದರೆ, ಹತ್ತನೆಯ ತರಗತಿ ಮುಗಿಸಿ ಮೋಟಾರು ಸೈಕಲ್ಲು ಹತ್ತಿ ಹಳ್ಳಿಹಳ್ಳಿಗೆ ಕಂತು ವಸೂಲಿಗೆ ಹೋಗುವ ನಮ್ಮ ಯೌವನಸ್ಥರಿಗೆ. ಮೈಕ್ರೋ ಫೈನಾನ್ಸಿನ ಸಾಲವೇ ಪಾಪವೆಂದು ನಾವು ಹೇಳುವದಿಲ್ಲ. ಹಸು ಕೊಂಡು ಬದುಕಿದ ವಿಧವೆಯರೂ ಇದ್ದಾರೆ. ಆದರೆ ಕಂತು ಕಟ್ಟಲಾರದವಳ ಮನೆಯ ಬಾಗಲಲ್ಲಿ ಕತ್ತಲಾಗುವ ವರೆಗೆ ಕೂತು, ನೆರೆಯವರು ಕೇಳುವಂತೆ ಅವಳ ಮಾನವನ್ನು ತೆಗೆಯುವದು ಯಾವ ಸಂಬಳಕ್ಕೂ ಸೇರಿದ ಕೆಲಸವಲ್ಲ. ಇಂಥ ಬಲಾತ್ಕಾರವನ್ನು ತಡೆಯುವದಕ್ಕಾಗಿ 2025ನೆಯ ಇಸವಿಯಲ್ಲಿ ಕರ್ನಾಟಕ ಸರಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಆ ಯೌವನಸ್ಥನಿಗೆ ನಮ್ಮ ಉತ್ತರವು ಯೋಹಾನನ ಉತ್ತರವೇ. ಬೆದರಿಸದೆ ವಸೂಲು ಮಾಡುವದು ಅವನಿಂದಾದರೆ ಮಾಡಲಿ. ಬೆದರಿಸದ ಹೊರತು ಕೆಲಸ ಉಳಿಯದೆಂದು ಮೇಲಿನವನು ಹೇಳಿದ ದಿನ, ಲೇವಿಯ ಹಾಗೆ ಎದ್ದು ಹೋಗಬೇಕು.

ಪೂರ್ವದ ಸಭೆಯಲ್ಲಿಯೂ ಈ ವಿಷಯವಾಗಿ ಬಹಳ ಚರ್ಚೆಯಾಯಿತು. ಸುಮಾರು 200ನೆಯ ಇಸವಿಯಲ್ಲಿ ಆಫ್ರಿಕದ ಕಾರ್ಥೇಜ್ ಪಟ್ಟಣದ ತೆರ್ತುಲ್ಯನೆಂಬ ವಿದ್ವಾಂಸನು ವಿಗ್ರಹಾರಾಧನೆಯ ವಿಷಯವಾದ ಪುಸ್ತಕವನ್ನು ಬರೆದು, ವಿಗ್ರಹ ಮಾಡುವವರನ್ನು ಮಾತ್ರವಲ್ಲ, ಧೂಪ ಮಾರುವವರನ್ನು ಸಹ ಖಂಡಿಸಿದನು. ಆ ಧೂಪವು ವೈದ್ಯಕ್ಕೂ ಕ್ರೈಸ್ತರ ಶವಸಂಸ್ಕಾರಕ್ಕೂ ಉಪಯೋಗವಾಗುತ್ತಿದ್ದದ್ದನ್ನು ತಿಳಿದೇ ಹೀಗೆ ಬರೆದನು. ನಮ್ಮ ಉಡುಪಿಯ ಕಡೆಯಲ್ಲಿ ಶಂಕರಪುರದ ಮಲ್ಲಿಗೆಯನ್ನು ಬೆಳೆಯುವ ಕ್ರೈಸ್ತ ಮನೆಗಳವರು ಇದನ್ನು ಕೇಳಿದರೆ ದಿಗಿಲುಬಿದ್ದಾರು. ಯಾಕಂದರೆ ಆ ಹೂವು ಮದುವೆಯ ಜಡೆಗೂ ಹೋಗುತ್ತದೆ, ದೇವಸ್ಥಾನಕ್ಕೂ ಭೂತಸ್ಥಾನಕ್ಕೂ ಹೋಗುತ್ತದೆ. ಈ ಒಂದು ಸಂಗತಿಯಲ್ಲಿ ನಾವು ತೆರ್ತುಲ್ಯನನ್ನು ಹಿಂಬಾಲಿಸುವದಿಲ್ಲ. ಎಫೆಸದ ದೇಮೇತ್ರಿಯನು ಅರ್ತೆಮಿಯ ಬೆಳ್ಳಿಯ ಗುಡಿಗಳನ್ನು ಮಾಡುತ್ತಿದ್ದನು. ಅವು ಪೂಜೆಗೇ ಹೊರತು ಬೇರೆ ಯಾವದಕ್ಕೂ ಸಲ್ಲವು. ಮಲ್ಲಿಗೆಯಾದರೋ ದೇವರು ಬೆಳೆಸಿದ್ದು. ಕೊಂಡವನು ಅದನ್ನು ಎಲ್ಲಿಗೆ ಒಯ್ಯುವನೆಂದು ಬೆಳೆದವಳು ಹಿಂದೆ ಹೋಗಿ ನೋಡಬೇಕೆಂಬ ಕಟ್ಟಳೆಯಿಲ್ಲ. ಜಾತ್ರೆಯಲ್ಲಿ ಹಲಿಗೆ ಬಾರಿಸುವ ಚಾಕರಿಯು ಮಾತ್ರ ಇದಕ್ಕಿಂತ ಕಠಿಣವಾದದ್ದು, ಯಾಕಂದರೆ ಅಲ್ಲಿ ಬಾರಿಸುವವನೇ ಪೂಜೆಯ ಒಂದು ಅಂಗವಾಗಿ ನಿಲ್ಲುತ್ತಾನೆ. ರಿಮ್ಮೋನನ ಗುಡಿಯಲ್ಲಿ ಒಡೆಯನ ಸಂಗಡ ಬೊಗ್ಗಬೇಕಾಗಿದ್ದ ನಾಮಾನನನ್ನು ಎಲೀಷನು ಸಮಾಧಾನದಿಂದ ಕಳುಹಿಸಿದನೆಂಬದನ್ನು ನೆನಸಿ, ಅಂಥವನ ಮೇಲೆ ಹಿರಿಯರು ಅವಸರದ ತೀರ್ಪು ಮಾಡದಿರಲಿ.

ಈಗ ಸರಿಪಡಿಸುವದಕ್ಕೆ ಆಗದಂಥ ಕಸುಬುಗಳಿಗೆ ಬರೋಣ. ಇನ್ನೊಬ್ಬನು ಹೆಚ್ಚು ಕೆಟ್ಟಷ್ಟು ನಮಗೆ ಹೆಚ್ಚು ಲಾಭವಾಗುವದಾದರೆ, ಅಲ್ಲಿ ನಮ್ಮ ಪ್ರಾಮಾಣಿಕತೆಯಿಂದ ಏನೂ ಆಗುವದಿಲ್ಲ. ಅಳತೆಯಲ್ಲಿ ಮೋಸಮಾಡದೆ ಹೆಂಡ ಹೊಯ್ಯುವವನು ಕುಡುಕನ ಹೆಂಡತಿಗೆ ಯಾವ ಉಪಕಾರ ಮಾಡಿದನು? ಸರಕಾರದ ಪರವಾನಿಗೆಯು ಇದಕ್ಕೆ ಉತ್ತರವಲ್ಲ. 2007ನೆಯ ಇಸವಿಯ ಜೂನ್ ತಿಂಗಳಿನಲ್ಲಿ ನಮ್ಮ ರಾಜ್ಯದಲ್ಲಿ ಪರವಾನಿಗೆಯುಳ್ಳವನು ಸಾರಾಯಿ ಮಾರುವದು ಕಾಯಿದೆಗೆ ಒಪ್ಪಿತವಾಗಿತ್ತು. ಜುಲೈ 1ರಿಂದ ಅದು ನಿಷೇಧವಾಯಿತು. ಪೆಟ್ಟು ತಿಂದ ಹೆಂಗಸಿನ ಬೆನ್ನಿಗೆ ಆ ಎರಡು ತಿಂಗಳುಗಳ ಸಾರಾಯಿಯಲ್ಲಿ ಯಾವ ವ್ಯತ್ಯಾಸವೂ ತಿಳಿದಿರಲಾರದು.

ಆದರೆ ಗ್ಲಾಸು ತೊಳೆಯುವ ಹುಡುಗನೂ ಅಂಗಡಿಯ ಧಣಿಯೂ ಒಂದೇ ಅಲ್ಲ. ಮರ ಹತ್ತುವವನ ಸಂಗತಿಯಿಂದ ಇದು ಚೆನ್ನಾಗಿ ತಿಳಿಯುತ್ತದೆ. ತೆಂಗಿನ ಇಲ್ಲವೆ ತಾಳೆಯ ಹೊಂಬಾಳೆಯನ್ನು ಕೊಯಿದು ಮಡಕೆ ಕಟ್ಟಿದಾಗ ತೊಟ್ಟಿಕ್ಕುವ ರಸವು ಸಿಹಿಯಾದದ್ದು. ಮಡಕೆಯ ಒಳಗಡೆ ಸುಣ್ಣ ಬಳಿದಿದ್ದರೆ ಅದು ಹುಳಿಯದೆ ಸಿಹಿಯಾಗಿಯೇ ಉಳಿಯುತ್ತದೆ. ಅದನ್ನು ಕಾಯಿಸಿದರೆ ಬೆಲ್ಲ. ಸುಣ್ಣವಿಲ್ಲದ ಮಡಕೆಯಲ್ಲಿ ಅದೇ ರಸವು ಕೆಲವು ಗಳಿಗೆಗಳಲ್ಲಿ ನೊರೆಯೆದ್ದು ಕಳ್ಳಾಗುತ್ತದೆ. ಮರ ಒಂದೇ, ಕತ್ತಿ ಒಂದೇ, ಜೀವವನ್ನು ಕೈಯಲ್ಲಿ ಹಿಡಿದು ಹತ್ತುವ ಆ ಧೈರ್ಯವೂ ಒಂದೇ. ಒಂದು ಬೆರಳು ಸುಣ್ಣದಿಂದ ಕಸುಬು ಬೇರೆಯಾಯಿತು. ಹಾಗಾದರೆ ಎಲ್ಲರೂ ಸುಣ್ಣ ಬಳಿಯಬಾರದೇಕೆ ಎಂದು ಕೇಳುವವರು ಮರ ಹತ್ತಿದವರಲ್ಲ. ಬೆಲ್ಲಕ್ಕೆ ಸೌದೆ ಬೇಕು, ಒಲೆಯ ಮುಂದೆ ಹೆಂಗಸರ ಅರ್ಧ ದಿನ ಬೇಕು. ಕಳ್ಳಿಗೆ ಗಿರಾಕಿಯು ಮರದ ಬುಡಕ್ಕೇ ಬರುತ್ತಾನೆ.

ನಮ್ಮ ಕರಾವಳಿಯ ಸಭೆಗಳು ಈ ಪ್ರಶ್ನೆಯೊಂದಿಗೇ ಹುಟ್ಟಿದವು. 1834ನೆಯ ಇಸವಿಯಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನರಿಗಳು ಮಂಗಳೂರಿಗೆ ಬಂದಿಳಿದರು. ಅವರ ಬೋಧನೆಯನ್ನು ಕೇಳಿ ಸಭೆಗೆ ಸೇರಿದವರಲ್ಲಿ ಬಿಲ್ಲವರು ಬಹಳ ಮಂದಿ. ಕಳ್ಳು ಇಳಿಸುವದು ಅವರ ಕುಲದ ಕಸುಬಾಗಿತ್ತು. ಆ ಕಸುಬು ಸಭೆಗೆ ತಕ್ಕದ್ದಲ್ಲವೆಂದು ಮಿಶನಿನವರು ತೀರ್ಮಾನಿಸಿದರು. ಹೇಳಿ ಸುಮ್ಮನಾಗಿದ್ದರೆ ನಾವು ಅವರನ್ನು ಈ ಹೊತ್ತು ನೆನಸಬೇಕಾಗಿರಲಿಲ್ಲ. ಮತಾಂತರವಾದವನಿಗೆ ಕುಲವೂ ತಪ್ಪಿತು, ಒಕ್ಕಲಿದ್ದ ಭೂಮಿಯೂ ತಪ್ಪಬಹುದು, ಈಗ ಕಸುಬೂ ತಪ್ಪಿದರೆ ಅವನು ಏನು ತಿನ್ನಬೇಕೆಂದು ಅವರು ಕೇಳಿಕೊಂಡರು. 1841ರಲ್ಲಿ ಅಚ್ಚುಕೂಟವು ಆರಂಭವಾಗಿತ್ತು. 1851ರಲ್ಲಿ ಹಾಲ್ಲರ್ ಎಂಬ ನೇಕಾರ ಮಿಶನರಿಯು ಬಂದು ಮಗ್ಗಗಳನ್ನು ಹಾಕಿಸಿದನು. ಅವನ ಕೈಯಿಂದಾದ ಖಾಕಿಯ ಬಣ್ಣವು ಪ್ರಸಿದ್ಧಿಗೆ ಬಂತು. 1865ರಲ್ಲಿ ಪ್ಲೆಬ್ಸ್ಟ್ ಎಂಬವನು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಕಟ್ಟಿದನು. ಮಂಗಳೂರು ಹಂಚೆಂದು ದೇಶವೆಲ್ಲಾ ಬಲ್ಲ ಆ ಕೆಂಪು ಹಂಚು ಹೀಗೆ ಹುಟ್ಟಿತು.

ಇದನ್ನು ಹೊಗಳುವಾಗ ಇದರ ಕುಂದನ್ನೂ ಹೇಳಬೇಕು. ಸಭೆಯ ಹಿರಿಯನೂ ಕಾರ್ಖಾನೆಯ ಧಣಿಯೂ ಒಬ್ಬನೇ ಆದಾಗ ಕೂಲಿಯವನು ಮನಸ್ಸು ಬಿಚ್ಚಿ ಮಾತಾಡುವದು ಕಷ್ಟ. ರೊಟ್ಟಿಗಾಗಿಯೂ ಪ್ರಾರ್ಥನೆಗಾಗಿಯೂ ಒಂದೇ ಬಂಗಲೆಯ ಕಡೆಗೆ ನೋಡುವ ಅಭ್ಯಾಸವು ನಮ್ಮ ಜನರಲ್ಲಿ ಬೇರೂರಿತು. 1914ರಲ್ಲಿ ಯುದ್ಧವು ಆರಂಭವಾದ ಮೇಲೆ ಇಂಗ್ಲಿಷ್ ಸರಕಾರವು ಜರ್ಮನಿಯವರಾದ ಮಿಶನರಿಗಳನ್ನು ಸೆರೆಯಲ್ಲಿಟ್ಟಿತು; ಕಾರ್ಖಾನೆಗಳು ಕೈಬಿಟ್ಟು ಹೋಗಿ ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪೆನಿಯ ವಶವಾದವು. ಆಗ ತಾಯಿ ಸತ್ತ ಕೂಸಿನಂತೆ ಸಭೆಗಳು ತಬ್ಬಿಬ್ಬಾದವು. ಆದಾಗ್ಯೂ ಅವರು ಒಂದು ಮುಖ್ಯವಾದ ವಿಷಯವನ್ನು ಗ್ರಹಿಸಿದ್ದರು. ಇದನ್ನು ಬಿಡು ಎಂದು ಹೇಳುವ ಬಾಯಿಗೆ, ಇದನ್ನು ಹಿಡಿ ಎಂದು ತೋರಿಸುವ ಕೈಯೂ ಇರಬೇಕು.

ಇದು ಬಾಸೆಲಿನವರು ಕಂಡುಹಿಡಿದದ್ದಲ್ಲ. ಬದುಕುವದು ಹೇಗೆ ಎಂದು ಕೇಳಿದವರಿಗೆ ತೆರ್ತುಲ್ಯನು, ನಂಬಿಕೆಯು ಹಸಿವಿಗೆ ಅಂಜದು ಎಂಬ ಭಾವದ ಉತ್ತರವನ್ನು ಕೊಟ್ಟಿದ್ದನು. ಮಾತು ದೊಡ್ಡದು, ಆದರೆ ಹಸಿದವನು ತನ್ನ ವಿಷಯವಾಗಿ ಹೇಳಿಕೊಂಡಾಗ ಮಾತ್ರ ಅದು ದೊಡ್ಡದು. ಅದೇ ಕಾರ್ಥೇಜಿನಲ್ಲಿ ಸುಮಾರು ಐವತ್ತು ವರ್ಷಗಳ ತರುವಾಯ ಸಿಪ್ರಿಯಾನನು ಬಿಷಪನಾದನು. ಇವನು ತೆರ್ತುಲ್ಯನ ಪುಸ್ತಕಗಳನ್ನು ದಿನಾಲು ಓದುತ್ತಿದ್ದನೆಂದು ಜೆರೋಮನು ಬರೆದಿದ್ದಾನೆ. ಯೂಕ್ರಾತಿಯನೆಂಬ ಇನ್ನೊಬ್ಬ ಬಿಷಪನು ಇವನಿಗೆ ಒಂದು ಸಂಗತಿಯನ್ನು ಬರೆದು ಕೇಳಿದನು. ಅದೇನಂದರೆ, ಒಬ್ಬ ನಾಟಕದವನು ಕ್ರೈಸ್ತನಾದ ಮೇಲೆ ರಂಗಕ್ಕೆ ಹೋಗುವದನ್ನು ಬಿಟ್ಟಿದ್ದಾನೆ, ಆದರೆ ಹೊಟ್ಟೆಪಾಡಿಗಾಗಿ ಹುಡುಗರಿಗೆ ಆ ವಿದ್ಯೆಯನ್ನು ಕಲಿಸುತ್ತಿದ್ದಾನೆ. ಅವನನ್ನು ಸಭೆಯಲ್ಲಿ ಇಟ್ಟುಕೊಳ್ಳಬಹುದೋ? ಆ ಕಾಲದ ನಾಟಕಗಳು ವಿಗ್ರಹಗಳ ಹಬ್ಬಗಳಿಗೂ ಅಸಭ್ಯವಾದ ಆಟಗಳಿಗೂ ಸೇರಿದವುಗಳಾಗಿದ್ದವು. ಕಲಿಸಕೂಡದೆಂದು ಸಿಪ್ರಿಯಾನನು ಖಂಡಿತವಾಗಿ ಹೇಳಿದನು. ಹೇಳಿ ಪತ್ರವನ್ನು ಅಲ್ಲಿಗೇ ಮುಗಿಸಲಿಲ್ಲ. ಅವನು ಬಡವನಾದರೆ ಸಭೆಯು ಪೋಷಿಸುವವರ ಸಂಗಡ ಅವನನ್ನೂ ಸೇರಿಸಿಕೊಳ್ಳಲಿ. ಸಾದಾ ಊಟದಲ್ಲಿ ಅವನು ತೃಪ್ತನಾಗಿರಲಿ, ಪಾಪಮಾಡದಿರುವದಕ್ಕೆ ಇದು ಸಂಬಳವೆಂದು ತಿಳಿಯದಿರಲಿ. ನಿಮ್ಮ ಸಭೆಗೆ ಅಷ್ಟು ಶಕ್ತಿಯಿಲ್ಲವಾದರೆ ಅವನು ನಮ್ಮ ಬಳಿಗೆ ಬರಲಿ, ಅನ್ನವಸ್ತ್ರಗಳನ್ನು ನಾವು ಕೊಡುತ್ತೇವೆ ಎಂದು ಬರೆದನು. ಶಿಸ್ತಿನ ಪತ್ರವು ಅಕ್ಕಿಯ ಲೆಕ್ಕವನ್ನೂ ಒಳಗೊಂಡಿತ್ತು.

ಈ ಅಳತೆಯಿಂದ ಬೀಡಿಯ ಸಂಗತಿಯನ್ನು ನೋಡೋಣ. ನಾವು ಬಲ್ಲ ಎಷ್ಟೋ ಮನೆಗಳಲ್ಲಿ ಮಧ್ಯಾಹ್ನದ ಊಟವಾದ ಕೂಡಲೆ ಹೆಂಗಸರು ಮಡಿಲಲ್ಲಿ ಮೊರ ಇಟ್ಟುಕೊಂಡು ಗೋಡೆಗೆ ಒರಗಿ ಕೂಡ್ರುತ್ತಾರೆ. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ನಿಪ್ಪಾಣಿಯ ಕಡೆಯಿಂದಲೋ ಗುಜರಾತಿನಿಂದಲೋ ಬಂದ ಹೊಗೆಸೊಪ್ಪಿನ ಪುಡಿಯನ್ನು ತುಂಬಿ, ಸುರುಳಿ ಸುತ್ತಿ, ನೂಲು ಕಟ್ಟುವದು. ಸಾವಿರಕ್ಕೆ ಇಷ್ಟೆಂದು ಕೂಲಿ. ಸಂಜೆ ಬ್ರಾಂಚಿಗೆ ಒಯ್ದಾಗ ಎಣಿಸುವವನು ಕೆಲವನ್ನು ಕೆಟ್ಟವೆಂದು ತೆಗೆದುಹಾಕುತ್ತಾನೆ. 1966ನೆಯ ಇಸವಿಯಲ್ಲಿ ಬೀಡಿ ಕಾರ್ಮಿಕರಿಗಾಗಿ ಕಾಯಿದೆಯೊಂದು ಬಂತು. ಅದರಿಂದ ಕೆಲವರಿಗೆ ಆಧಾರವೂ ಆಯಿತು. ಈ ಕೂಲಿಯಿಂದ ಮಕ್ಕಳು ಓದಿದರು, ಮದುವೆಗಳಾದವು, ಸುಗ್ಗಿಹಬ್ಬದ ಕಾಣಿಕೆಯೂ ಬಂತು. ನಮ್ಮ ದೇವಾಲಯಗಳ ಗೋಡೆಗಳಿಗೆ ಹಾಕಿದ ಸುಣ್ಣದಲ್ಲಿ ಈ ಹೆಂಗಸರ ಬೆರಳುಗಳ ಪಾಲಿದೆ.

ಹೊಗೆಸೊಪ್ಪು ಪ್ರಾಣವನ್ನು ತೆಗೆಯುತ್ತದೆಂಬದು ಈಗ ಯಾರಿಗೂ ಸಂಶಯವಿಲ್ಲದ ಮಾತು. ಸೇದುವವನಿಗೆ ಮಾತ್ರವಲ್ಲ, ಆ ಪುಡಿಯನ್ನು ದಿನವೆಲ್ಲಾ ಉಸಿರಾಡುವವಳಿಗೂ ಕೆಮ್ಮು ಬಿಡುವದಿಲ್ಲ. ಹಾಗಾದರೆ ಇದು ಸುಂಕದ ಕಟ್ಟೆಯೋ, ಕಳ್ಳಿನ ಮಡಕೆಯೋ? ಒಳ್ಳೆಯ ಬೀಡಿಯೆಂಬದಿಲ್ಲ, ಆದಕಾರಣ ಇದನ್ನು ಸರಿಪಡಿಸಿಕೊಂಡು ಮಾಡೆಂದು ಹೇಳುವದಕ್ಕಾಗದು. ಇಷ್ಟನ್ನು ಮುಚ್ಚಿಡುವದು ನಮ್ಮ ಸಹೋದರಿಯರನ್ನು ಮಕ್ಕಳೆಂದು ಎಣಿಸಿದ ಹಾಗೆ. ಆದರೂ ಅಪರಾಧದ ತೂಕವನ್ನು ಹಂಚುವಾಗ, ಸಾವಿರ ಬೀಡಿಯ ಲಾಭವನ್ನು ಪಡೆಯುವ ಧಣಿಗೂ, ಅದರ ಮೇಲೆ ತೆರಿಗೆ ಎತ್ತುವ ಸರಕಾರಕ್ಕೂ, ಮಗನ ಹಾಲಿನ ಹಣದಿಂದ ಕಟ್ಟು ಕೊಳ್ಳುವ ತಂದೆಗೂ ಕೊಡದೆ, ಕೊನೆಯಲ್ಲಿ ಕೂತಿರುವ ಹೆಂಗಸಿನ ತಲೆಯ ಮೇಲೆಯೇ ಎಲ್ಲವನ್ನು ಹೊರಿಸುವದು ನ್ಯಾಯವಲ್ಲ. ಅವಳನ್ನು ಕರ್ತನ ಪಂಕ್ತಿಯಿಂದ ದೂರವಿಡಬೇಕೆಂದು ಒಬ್ಬಿಬ್ಬರು ಹಿರಿಯರು ಹೇಳಿದ್ದನ್ನು ನಾವು ಕೇಳಿದ್ದೇವೆ. ಆ ಹಿರಿಯರು ಮೊದಲು ಸಿಪ್ರಿಯಾನನ ಪತ್ರದ ಎರಡನೆಯ ಭಾಗವನ್ನು ಪೂರೈಸಲಿ. ಆ ಮೇಲೆ ಮೊದಲನೆಯ ಭಾಗದ ವಿಷಯವಾಗಿ ಮಾತಾಡಬಹುದು.

ಬೀಡಿಯ ಬದಲಿಗೆ ಹೊಲಿಗೆಯ ಯಂತ್ರ ಕೊಟ್ಟರೆ ಸಾಕೆಂದು ಹೇಳುವವರುಂಟು. ಒಂದೇ ಹಳ್ಳಿಯಲ್ಲಿ ಇಪ್ಪತ್ತು ಯಂತ್ರಗಳಾದರೆ ಹೊಲಿಸುವವರು ಯಾರು? ಬೀಡಿಯ ಗುಣವೇನಂದರೆ, ಕೂಸಿಗೆ ಹಾಲು ಕೊಡುತ್ತಾ ಕಟ್ಟಬಹುದು, ಮಳೆಗಾಲದಲ್ಲಿಯೂ ಕಟ್ಟಬಹುದು, ವಾರಕ್ಕೊಮ್ಮೆ ಹಣ ಕೈಗೆ ಬರುತ್ತದೆ. ಇದಕ್ಕೆ ಸಮವಾದದ್ದು ಮಲ್ಲಿಗೆಯ ಗಿಡಗಳೋ, ಎರಡು ಹಸುಗಳೋ, ಹಪ್ಪಳ ಉಪ್ಪಿನಕಾಯಿಯ ಕೂಟವೋ ಎಂಬದು ಆ ಊರಿನ ಮಣ್ಣಿಗೂ ಪೇಟೆಗೂ ತಕ್ಕಂತೆ ನೋಡಬೇಕಾದದ್ದು. ಹೊಸ ಸಂಪಾದನೆಯು ಎರಡು ಮಳೆಗಾಲಗಳನ್ನು ದಾಟುವ ವರೆಗೆ ಹಳೆಯದನ್ನು ಬಿಡೆಂದು ಯಾರಿಗೂ ಹೇಳಬಾರದೆಂಬದು ನಮ್ಮ ಅಭಿಪ್ರಾಯ. ಅಲ್ಲಿಯ ವರೆಗೆ ಒಂದನ್ನು ಮಾತ್ರ ಈ ವರ್ಷವೇ ಮಾಡಬಹುದು. ತಾಯಿಯ ಎಣಿಕೆಯು ತುಂಬುವದಕ್ಕಾಗಿ ಹತ್ತು ಹನ್ನೆರಡು ವರ್ಷದ ಹುಡುಗಿಯನ್ನು ಆ ಮೊರದ ಮುಂದೆ ಕೂಡ್ರಿಸುವದನ್ನು ನಿಲ್ಲಿಸಿ, ಅವಳು ಕಟ್ಟುತ್ತಿದ್ದ ಬೀಡಿಗಳ ಕೂಲಿಯನ್ನು ಸಭೆಯ ಬಡವರ ನಿಧಿಯಿಂದ ತಾಯಿಗೆ ತುಂಬಿಕೊಡುವದು. ಅಂಥ ಹುಡುಗಿಯರು ನಮ್ಮ ಒಂದೊಂದು ಸಭೆಯಲ್ಲಿ ಎಷ್ಟು ಮಂದಿ ಇದ್ದಾರೆಂಬದನ್ನು ಉಪದೇಶಿಯೂ, ಅದಕ್ಕೆ ವರ್ಷಕ್ಕೆ ಎಷ್ಟು ಹಣ ಬೇಕೆಂಬದನ್ನು ಖಜಾಂಚಿಯೂ ಒಂದು ಭಾನುವಾರದ ಸಾಯಂಕಾಲದಲ್ಲಿ ಕೂತು ಲೆಕ್ಕ ಹಾಕಬಹುದು.